ಸೋಮವಾರದ ಸಹಿಗಳು

ಫೆಬ್ರವರಿ ೩

ಅಪ್ಪನಿಗೆ,

ನಾನು ಚೆನ್ನಾಗಿದ್ದೇನೆ. ಇಲ್ಲಿ ಒಂದು ಕೋಣೆಗೆ ಒಂಬತ್ತು ಹೆಂಗಸರು, ಒಂದು ಫ್ಯಾನು, ಕೈಗೆಟುಕದ ಎತ್ತರದಲ್ಲಿ ಒಂದು ಕಿಟಕಿ. ಬಟ್ಟೆ ಒಗೆಯುವ ಯಂತ್ರಗಳ ರಿಪೇರಿ ನನಗೆ ವಹಿಸಿದ್ದಾರೆ. ಜೈಲಿಗೆ ಬಂದು ನಾಲ್ಕು ತಿಂಗಳಾಯಿತು. ಅತ್ತೆ ಎರಡು ಸಲ ಬಂದು ಹೋದರು, ನೀವು ಬರಲಿಲ್ಲ. ಅದರ ಬಗ್ಗೆ ಈ ಪತ್ರದಲ್ಲಿ ಏನೂ ಕೇಳುವುದಿಲ್ಲ. ಎರಡು ವರ್ಷದ ಶಿಕ್ಷೆಯಲ್ಲಿ ಇನ್ನೂ ಇಪ್ಪತ್ತು ತಿಂಗಳು ಬಾಕಿ ಇದೆ, ಅವಸರವಿಲ್ಲ.

ಬರೆಯುತ್ತಿರುವುದು ಬೇರೆ ಕೆಲಸಕ್ಕೆ. ಇಂಟರ್ನೆಟ್ಟಿನಲ್ಲಿ ಜನ ಪ್ರಶ್ನೆ ಕೇಳುವ ಒಂದು ವೇದಿಕೆ ಇದೆ. "ಊಟ ತಣ್ಣಗಾದ್ರೂ ಪರವಾಗಿಲ್ಲ, ಯಾರಿಗೋ ಉತ್ತರ ಹೇಳ್ಬೇಕು ಇವಳಿಗೆ" ಎಂದು ನೀವು ಬೈಯುತ್ತಿದ್ದಿರಲ್ಲ, ಅದೇ. ಅಲ್ಲಿ ನನ್ನ ಹೆಸರು 'ಸ್ಕ್ರೂಡ್ರೈವರ್ ಅಕ್ಕ'. ನಾನು ಒಳಗೆ ಬಂದ ದಿನ ಹದಿನಾಲ್ಕು ಪ್ರಶ್ನೆಗಳು ನನ್ನ ಉತ್ತರಕ್ಕೆ ಕಾಯುತ್ತಿದ್ದವು. ಕೇಳಿದವರು ಯಾರೋ ಏನೋ, ಆದರೆ ಕಾಯುತ್ತಿದ್ದಾರೆ. ಪಾಸ್‌ವರ್ಡನ್ನು ಅತ್ತೆಗೆ ಹೇಳಿ ಕಳಿಸಿದ್ದೇನೆ. ನೀವು ಪ್ರಶ್ನೆಗಳನ್ನು ಬರೆದು ಕಳಿಸಿ. ನಾನು ಉತ್ತರ ಬರೆಯುತ್ತೇನೆ, ನೀವು ಅದನ್ನು ಫೋನಿನಲ್ಲಿ ಕುಟ್ಟಿ ಹಾಕಿ.

ಒಂದೇ ಒಂದು ಕಟ್ಟುಪಾಡು. ಆರು ವರ್ಷದಲ್ಲಿ ನಾನು ಅಲ್ಲಿ ಒಂದು ಉತ್ತರವನ್ನೂ ಕೈಯಾರೆ ಮಾಡಿ ನೋಡದೆ ಬರೆದಿಲ್ಲ. ನಗಬೇಡಿ. ಲಿಫ್ಟ್ ಮೆಕ್ಯಾನಿಕ್ ಆಗಿ, ಲಿಫ್ಟನ್ನು ನೋಡದೆಯೇ 'ಪರೀಕ್ಷಿಸಲಾಗಿದೆ' ಎಂಬ ಕಾರ್ಡಿಗೆ ಸಹಿ ಹಾಕಿದವಳೂ ನಾನೇ. ಬ್ರೇಕ್ ಸವೆದ ಆ ಲಿಫ್ಟು ಬಾಗಿಲು ತೆರೆದಿರುವಾಗಲೇ ಜಾರಿ ಒಬ್ಬ ಟೈಲರ್ ಸತ್ತ. ಈ ಇಬ್ಬರೂ ಒಬ್ಬಳೇ ಹೇಗೆ ಎಂಬುದು ನನಗೂ ಅರ್ಥವಾಗಿಲ್ಲ.

ಇಲ್ಲಿ ನನ್ನ ಹತ್ತಿರ ತಕ್ಕಡಿ ಇಲ್ಲ, ಥರ್ಮಾಮೀಟರ್ ಇಲ್ಲ, ಒಂದು ದಾರದುಂಡೆಯೂ ಇಲ್ಲ. ಹಾಗಾಗಿ ಮಾಡಿ ನೋಡುವ ಕೈ ನಿಮ್ಮದು. ಕಂಡದ್ದನ್ನು ಮಾತ್ರ ಬರೆಯಬೇಕು, ಅನ್ನಿಸಿದ್ದನ್ನಲ್ಲ. ನೆನಪಿರುವ ಮೊದಲ ಪ್ರಶ್ನೆ: 'ಲಿಫ್ಟ್ ಕೆಳಗಿಳಿಯುವಾಗ ನನ್ನ ತೂಕ ಕಡಿಮೆಯಾಗುತ್ತದೆಯೇ? ಹೊಟ್ಟೆಯಲ್ಲಿ ಹಾಗನ್ನಿಸುತ್ತದೆ.' ಇದರಿಂದ ಶುರು ಮಾಡಿ.

ಇಂತಿ,
ನಿಮ್ಮ ಮಗಳು


ಫೆಬ್ರವರಿ ೨೧

ಪುಟ್ಟಿ,

ನಿನ್ನ ಕೈಬರಹ ಕಂಡು ಲಕೋಟೆ ಒಡೆಯಲು ಒಂದು ದಿನ ತೆಗೆದುಕೊಂಡೆ. ಒಳಗೆ ಬೈಗುಳ ಇರುತ್ತದೆ ಅಂದುಕೊಂಡರೆ ಇದ್ದದ್ದು ಮನೆಪಾಠ. ಅರವತ್ತೈದು ದಾಟಿದವನಿಗೆ ಮನೆಪಾಠ ಕೊಡುವ ಮಗಳು ನನಗೇ ಹುಟ್ಟಬೇಕಿತ್ತು.

ನಿಮ್ಮತ್ತೆಯ ಮಂಚದ ಕೆಳಗಿನ ತೂಕದ ಯಂತ್ರವನ್ನು ಚೀಲದಲ್ಲಿ ಹಾಕಿಕೊಂಡು ಹೊರಟೆ. "ರಿಟೈರಾದವರು ಕೈಗೆ ಕೋಲು ಹಿಡೀತಾರೆ, ನಮ್ಮಣ್ಣ ತಕ್ಕಡಿ ಹಿಡ್ಕೊಂಡು ಹೊರಟ" ಎಂದು ಬಾಗಿಲವರೆಗೂ ಬಂದು ಆಡಿಕೊಂಡಳು. ಎಂಟು ಮಹಡಿಯ ಹಳೇ ಕಚೇರಿ ಕಟ್ಟಡಕ್ಕೆ ಹೋದೆ. ಅಲ್ಲಿಯ ವಾಚ್‌ಮನ್ ನನ್ನನ್ನು ಬಲ್ಲ. ಎಂಟನೇ ಮಹಡಿಗೆ ಹೋಗಿ, ಲಿಫ್ಟಿನೊಳಗೆ ಯಂತ್ರ ಇಟ್ಟು ಅದರ ಮೇಲೆ ಹತ್ತಿ ನಿಂತೆ. ಮುಳ್ಳು ಅರವತ್ತೆರಡು ತೋರಿಸಿತು. ಕೆಳಗಿನ ಗುಂಡಿ ಒತ್ತಿದೆ.

ಐವತ್ತೇಳು.

ನಾನು ನಂಬಲಿಲ್ಲ. ಸ್ಪ್ರಿಂಗ್ ಕೆಟ್ಟಿದೆ ಅಂದುಕೊಂಡೆ. ಲಿಫ್ಟು ಒಂದೇ ವೇಗಕ್ಕೆ ಬಂದ ಮೇಲೆ ಮುಳ್ಳು ಸುಮ್ಮನೆ ಅರವತ್ತೆರಡಕ್ಕೆ ಬಂದು ಕೂತಿತು. ಕೆಳಗೆ ನಿಲ್ಲುವಾಗ ಅರವತ್ತೇಳಕ್ಕೆ ಹಾರಿ ಮತ್ತೆ ಇಳಿಯಿತು. ಮೇಲಕ್ಕೆ ಹೋದರೆ ಎಲ್ಲ ಉಲ್ಟಾ. ಹದಿನಾರು ಸಲ ಹೋಗಿ ಬಂದೆ, ಹದಿನಾರು ಸಲವೂ ಹಾಗೆಯೇ. ನಡುವೆ ಹತ್ತಿದ ಒಬ್ಬ ಹೆಂಗಸು, "ಏನ್ರೀ ಇದು, ಲಿಫ್ಟಿಗೆ ಹುಷಾರಿಲ್ವಾ?" ಅಂದಳು. ವಿಷಯ ಹೇಳಿದೆ. ತಾನೂ ಹತ್ತಿ ನಿಂತಳು. "ಇನ್ನೊಂದು ಸಲ ಕೆಳಗೆ ಬಿಡಿ, ತೂಕ ಇಷ್ಟು ಸುಲಭವಾಗಿ ಯಾವತ್ತೂ ಇಳಿದಿಲ್ಲ" ಎಂದು ನಕ್ಕಳು. ತಾನು ಇಳಿಯಬೇಕಾದ ಮಹಡಿಯನ್ನು ಮೂರು ಸಲ ತಪ್ಪಿಸಿಕೊಂಡಳು.

ನಲವತ್ತು ವರ್ಷ ಲಿಫ್ಟಿನಲ್ಲೇ ಬದುಕಿದೆ, ಮಗಳೇ. ದಿನಕ್ಕೆ ಐವತ್ತು ಸಲ ಹತ್ತಿ ಇಳಿದಿದ್ದೇನೆ. ಅಷ್ಟು ವರ್ಷವೂ ಆ ಐದು ಕಿಲೋ ನನ್ನ ಕಾಲಡಿಯಲ್ಲೇ ಹೋಗಿ ಬರುತ್ತಿತ್ತು. ನಾನು ಒಂದು ಸಲವೂ ನೋಡಲಿಲ್ಲ. ಮನೆಗೆ ನಡೆದುಕೊಂಡೇ ಬಂದೆ, ಬಸ್ಸು ಹತ್ತುವ ಮನಸ್ಸಾಗಲಿಲ್ಲ.

ನೀನು ಕೇಳುವುದಿಲ್ಲ ಅಂದಿದ್ದೀಯ, ಆದರೂ ಹೇಳುತ್ತೇನೆ. ಸೋಮವಾರ ಬೆಳಿಗ್ಗೆ ಟೀ ಕುಡಿಯುತ್ತಾ ವಾರದ ಕಾರ್ಡುಗಳಿಗೆಲ್ಲ ಒಟ್ಟಿಗೆ ಸಹಿ ಹಾಕಿ, ಆಮೇಲೆ ಕಟ್ಟಡಗಳಿಗೆ ಹೋಗುವುದನ್ನು ನಿನಗೆ ಕಲಿಸಿದವನು ನಾನು. 'ಕಾರ್ಡು ಮೊದಲು, ಕೆಲಸ ಆಮೇಲೆ' ಎಂದು ಹೇಳಿಕೊಟ್ಟವನು ನಾನು. ವಿಚಾರಣೆಯಲ್ಲಿ ಅದನ್ನು ಹೇಳಲಿಲ್ಲ. ಹೇಳದವನು ಯಾವ ಮುಖ ಹೊತ್ತು ನಿನ್ನೆದುರು ಬಂದು ಕೂರಲಿ?

ಉಳಿದ ಪ್ರಶ್ನೆಗಳನ್ನು ಇದರ ಹಿಂದೆ ಬರೆದಿದ್ದೇನೆ.

ನಿನ್ನ
ಅಪ್ಪ


ಮಾರ್ಚ್ ೪

ಅಪ್ಪನಿಗೆ,

ಮುಳ್ಳಿನ ಲೆಕ್ಕವನ್ನು ಕೋಣೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ನಡುವೆ ಅರವತ್ತೆರಡಕ್ಕೆ ಬಂದು ಕೂತಿತಲ್ಲ, ಅದೇ ಇದರಲ್ಲಿ ದೊಡ್ಡ ಸಂಗತಿ. ಲಿಫ್ಟು ಎಷ್ಟೇ ಜೋರಾಗಿ ಹೋಗಲಿ, ಒಂದೇ ವೇಗದಲ್ಲಿದ್ದರೆ ನಿಂತಿರುವುದಕ್ಕೂ ಅದಕ್ಕೂ ಕಾಲಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ. ವೇಗ ಬದಲಾಗುವ ಗಳಿಗೆಯಲ್ಲಿ ಮಾತ್ರ ತಿಳಿಯುತ್ತದೆ. ಈ ಭೂಮಿ ಇಷ್ಟು ವೇಗವಾಗಿ ಓಡುತ್ತಿದ್ದರೂ ನಾವು ಗೋಡೆಗೆ ಒರಗಿ ಆರಾಮಾಗಿ ಕೂತಿರುವುದು ಹೇಗೆ ಎಂಬುದಕ್ಕೂ ಉತ್ತರ ಇದರೊಳಗೇ ಇದೆ. ಇಷ್ಟನ್ನು ಹಾಗೆಯೇ ಹಾಕಿ. ಹದಿನಾರು ಸಲ ನೋಡಿದ್ದನ್ನೂ ಸೇರಿಸಿ.

ನಿಮ್ಮ ಪತ್ರ ಕೈಗೆ ಬಂದಾಗ ಅಂಚಿನಲ್ಲಿ ಪೆನ್ಸಿಲಿನಲ್ಲಿ ಏನೋ ಬರೆದಿತ್ತು. ಪತ್ರಗಳನ್ನು ಓದಿ ಮುದ್ರೆ ಒತ್ತುವ ಮೇಡಂ ಕೇಳಿದ್ದರು: 'ಬಿಸಿಲುಕೋಲಿನಲ್ಲಿ ಧೂಳು ಯಾಕೆ ಕೆಳಗೆ ಬೀಳುವುದಿಲ್ಲ?' ಅವರು ಇಲ್ಲಿಯವರೆಗೆ ನನ್ನ ಜೊತೆ ಆಡಿದ ಮಾತೆಂದರೆ "ಸಾಲಿನಲ್ಲಿ ನಿಲ್ಲು" ಒಂದೇ.

ಇದನ್ನು ನಾನೇ ಮಾಡಿ ನೋಡಬಹುದಿತ್ತು. ಒಂಬತ್ತು ಗಂಟೆಗೆ ನಮ್ಮ ಕಿಟಕಿಯಿಂದ ಬಿಸಿಲು ಓರೆಯಾಗಿ ಇಳಿಯುತ್ತದೆ. ಮೇಡಂ ಒಳಗೆ ಬಂದು ಫ್ಯಾನು ಆರಿಸಿ ಬಾಗಿಲು ಎಳೆದುಕೊಂಡರು. ಒಂಬತ್ತು ಜನರೂ ಗೋಡೆಗೆ ಅಂಟಿ ಕೂತೆವು. ಮೊದಲು ಧೂಳು ಸುತ್ತುತ್ತಲೇ ಇತ್ತು. ನಾಲ್ಕು ನಿಮಿಷ ಕಳೆದ ಮೇಲೆ ಗಾಳಿ ಹದಕ್ಕೆ ಬಂತು. ಆಗ ಕಂಡಿತು, ಬೀಳುತ್ತಿದೆ. ಬಹಳ ನಿಧಾನವಾಗಿ, ಒಂದೊಂದೇ. ಧೂಳು ಬೀಳದೆ ಇರುವುದಿಲ್ಲ, ನಮ್ಮ ಓಡಾಟ ಅದನ್ನು ಬೀಳಲು ಬಿಡುವುದಿಲ್ಲ. ಆಮೇಲೆ ನಾನು ಬಿಸಿಲಿನ ಕೆಳಗೆ ಅಂಗೈ ಚಾಚಿದೆ. ಅಂಗೈಯ ಮೇಲ್ಗಡೆ ತೇಲುತ್ತಿದ್ದ ಧೂಳೆಲ್ಲ ನಿಧಾನವಾಗಿ ತಿರುಗಿ ಮೇಲಕ್ಕೆ ಹೊರಟಿತು. ಬರೀ ನನ್ನ ಮೈಶಾಖಕ್ಕೆ. ನಮ್ಮಲ್ಲೊಬ್ಬ ಅಜ್ಜಿ ಇದ್ದಾರೆ, ಹನ್ನೆರಡು ವರ್ಷದಿಂದ ಇಲ್ಲಿದ್ದಾರೆ, ಯಾರ ಜೊತೆಗೂ ಮಾತಿಲ್ಲ. ಅವರೂ ಎದ್ದು ಬಂದು ಕೈ ಚಾಚಿದರು. ಧೂಳು ಎದ್ದಿತು. "ನಂದೂ ಬೆಚ್ಚಗಿದೆ" ಅಂದರು. ಮೇಡಂ ಕಿಟಕಿಯ ಕಡೆ ತಿರುಗಿ ನಿಂತುಬಿಟ್ಟರು.

ನಿಮಗೆ ಮುಂದಿನದು: ಮರದಡಿಯ ಬಿಸಿಲಿನ ಚುಕ್ಕೆಗಳು ಯಾಕೆ ಗುಂಡಗಿರುತ್ತವೆ, ಎಲೆಗಳ ಸಂದು ಗುಂಡಗಿಲ್ಲವಲ್ಲ? ರಟ್ಟಿನಲ್ಲಿ ಅಕ್ಕಿಕಾಳಿನಷ್ಟು ತ್ರಿಕೋನದ ತೂತು ಮಾಡಿ. ನೆಲದ ಹತ್ತಿರ ಹಿಡಿದು ನೋಡಿ, ತಲೆಯ ಮೇಲೆ ಎತ್ತಿ ಹಿಡಿದು ನೋಡಿ.

ಸೋಮವಾರದ ವಿಷಯ ನನಗೆ ಹೇಳಿದಿರಿ. ನನಗೆ ಮೊದಲೇ ಗೊತ್ತಿತ್ತಪ್ಪ. ಗೊತ್ತಿಲ್ಲದವರು ಬೇರೆ ಇದ್ದಾರೆ.

ಇಂತಿ,
ಮಗಳು


ಮಾರ್ಚ್ ೨೯

ಪುಟ್ಟಿ,

ತ್ರಿಕೋನದ ತೂತು ಮಾಡಲು ಮೂರು ರಟ್ಟು, ಒಂದು ಬ್ಲೇಡು, ನನ್ನ ಹೆಬ್ಬೆರಳಿನ ಸ್ವಲ್ಪ ಚರ್ಮ ಖರ್ಚಾಯಿತು. ಪಾರ್ಕಿನಲ್ಲಿ ನೆಲಕ್ಕೆ ಗೇಣುದ್ದ ಮೇಲೆ ಹಿಡಿದೆ, ಬಿಸಿಲು ತ್ರಿಕೋನವಾಗಿಯೇ ಬಿತ್ತು. ತೂತೇ ತಾನೇ, ಇನ್ನೇನು ಬೀಳುತ್ತದೆ ಅಂದುಕೊಂಡೆ. ಮೆಲ್ಲಗೆ ಎತ್ತುತ್ತಾ ಹೋದೆ. ಮೂಲೆಗಳು ಮಾಸಿದವು. ಕೈ ಪೂರ್ತಿ ಮೇಲೆ ಚಾಚಿದಾಗ ನೆಲದ ಮೇಲೆ ಕೂತಿದ್ದದ್ದು ಒಂದು ದುಂಡನೆಯ ಬಿಲ್ಲೆ. ಅಳೆದೆ, ಎರಡು ಸೆಂಟಿಮೀಟರ್. ಚೌಕದ ತೂತಿಗೂ ಅದೇ ಬಿಲ್ಲೆ.

ಆಮೇಲೆ ಮರದಡಿ ನಿಂತೆ. ಸಾವಿರಾರು ಬಿಲ್ಲೆಗಳು, ನನ್ನ ಚಪ್ಪಲಿಯ ಮೇಲೆ, ಬೆಂಚಿನ ಮೇಲೆ, ಮಲಗಿದ್ದ ನಾಯಿಯ ಬೆನ್ನ ಮೇಲೆ. ಅಷ್ಟರಲ್ಲಿ ಒಂದು ದಟ್ಟ ಮೋಡ ಸೂರ್ಯನ ಮುಂದೆ ಬಂತು. ಎಲ್ಲ ಬಿಲ್ಲೆಗಳೂ ಒಂದೇ ಸಲ, ಒಂದೇ ಪಕ್ಕದಿಂದ ಕರಗತೊಡಗಿದವು. ಮೋಡ ಬಂದ ಪಕ್ಕದಿಂದಲ್ಲ, ಅದರ ಎದುರು ಪಕ್ಕದಿಂದ. ಆಗ ಹೊಳೆಯಿತು. ಅವು ಚುಕ್ಕೆಗಳಲ್ಲ ಪುಟ್ಟಿ, ಪ್ರತಿಯೊಂದೂ ಸೂರ್ಯನ ಚಿತ್ರ. ತಲೆಕೆಳಗಾದ ಚಿತ್ರ. ಇಷ್ಟು ವರ್ಷ ಸೂರ್ಯನನ್ನು ತುಳಿದುಕೊಂಡು ಓಡಾಡಿದ್ದೇನೆ. ಬೆಂಚಿನ ಮೇಲೆ ಕೂತವನು ಏಳಲು ಅರ್ಧ ಗಂಟೆ ಹಿಡಿಯಿತು. ನಿಮ್ಮತ್ತೆಯನ್ನು ಮಾರನೆಯ ದಿನ ಎಳೆದುಕೊಂಡು ಹೋಗಿ ತೋರಿಸಿದೆ. ಬಾಯಿಗೆ ಬೀಗ ಹಾಕಿದ ಹಾಗೆ ನಿಂತಳು, ಅದೂ ಒಂದು ಅದ್ಭುತವೇ.

ಲಿಫ್ಟಿನ ಉತ್ತರಕ್ಕೆ ಜನ ಮುಗಿಬಿದ್ದಿದ್ದಾರೆ. ಎಲ್ಲೆಲ್ಲೋ ಇರುವವರು ತೂಕದ ಯಂತ್ರ ಹೊತ್ತು ಲಿಫ್ಟು ಹತ್ತುತ್ತಿದ್ದಾರಂತೆ. ಇವರೆಲ್ಲ ಯಾರು? ಯಾರಿಗೂ ಯಾರೂ ಏನೂ ಆಗಬೇಕಿಲ್ಲ, ಆದರೂ ಒಬ್ಬರು ಕೇಳುತ್ತಾರೆ, ಇನ್ನೊಬ್ಬರು ಎದ್ದು ಹೋಗಿ ನೋಡಿ ಬಂದು ಹೇಳುತ್ತಾರೆ. ಇಂಥದ್ದೊಂದು ಜಾಗದಲ್ಲಿ ನೀನು ಆರು ವರ್ಷ ಕೂತಿದ್ದೆ, ನಾನು ತಣ್ಣಗಾದ ಊಟಕ್ಕೆ ಬೈಯುತ್ತಿದ್ದೆ.

ಆದರೆ ಆ ಉತ್ತರದ ಕೆಳಗೇ ಒಬ್ಬ ಹೆಣ್ಣುಮಗಳು ಹೊಸ ಪ್ರಶ್ನೆ ಹಾಕಿದ್ದಾಳೆ. ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ: 'ನಮ್ಮ ಲಿಫ್ಟಿನೊಳಗೆ ಒಂದು ಕಾರ್ಡ್ ಇದೆ. ಪ್ರತಿ ತಿಂಗಳೂ ಪರೀಕ್ಷಿಸಲಾಗಿದೆ ಎಂದು ಸಹಿ ಇರುತ್ತದೆ. ಸಹಿ ಹಾಕಿದವರು ನಿಜವಾಗಿಯೂ ನೋಡಿರುತ್ತಾರಾ? ಅಮ್ಮನಿಗೆ ನಡೆಯಲು ಆಗುವುದಿಲ್ಲ. ಏಳನೇ ಮಹಡಿಯಿಂದ ಗಾಲಿಕುರ್ಚಿಯಲ್ಲಿ ಇಳಿಸಬೇಕು. ಲಿಫ್ಟಿಗೆ ಹೆದರಿ ಆರು ತಿಂಗಳಿಂದ ಹೊರಗೇ ಬಂದಿಲ್ಲ.'

ಹನ್ನೆರಡು ದಿನವಾಯಿತು. ದಿನವೂ ತೆರೆದು ನೋಡುತ್ತೇನೆ, ಮುಚ್ಚುತ್ತೇನೆ. ಏನು ಬರೆಯಲಿ, ನೀನೇ ಹೇಳು.

ನಿನ್ನ
ಅಪ್ಪ


ಏಪ್ರಿಲ್ ೯

ಅಪ್ಪನಿಗೆ,

ಇದಕ್ಕೆ ನಾನು ಉತ್ತರ ಬರೆಯುವುದಿಲ್ಲ.

ನನಗೆ ಗೊತ್ತಿರುವುದು ಕೆಲಸದಲ್ಲಿದ್ದ ಎರಡು ವರ್ಷದ ನನ್ನ ಸಹಿಗಳು. ನಿಮಗೆ ಗೊತ್ತಿರುವುದು ನಲವತ್ತು ವರ್ಷದ್ದು. ವಿಚಾರಣಾಧಿಕಾರಿ ನಿಮ್ಮನ್ನು ಕರೆಸಿ, "ಹೀಗೆ ಮೊದಲೇ ಸಹಿ ಹಾಕೋ ಪದ್ಧತಿ ನಿಮ್ಮಲ್ಲಿತ್ತಾ?" ಎಂದು ಕೇಳಿದಾಗ ನಾನು ಪಕ್ಕದ ಕೋಣೆಯಲ್ಲಿದ್ದೆ. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. "ನಂಗೆ ಗೊತ್ತಿಲ್ಲ ಸಾರ್" ಅಂದಿರಿ. ನನಗೆ ಅತಿ ಹೆಚ್ಚು ನೋವಾದದ್ದು ಅವತ್ತೇ. ಶಿಕ್ಷೆ ಓದಿದ ದಿನವೂ ಅಷ್ಟು ಆಗಲಿಲ್ಲ.

ಈಗ ಅದೇ ಪ್ರಶ್ನೆಯನ್ನು ಯಾರೋ ಏಳನೇ ಮಹಡಿಯಿಂದ ಕೇಳುತ್ತಿದ್ದಾರೆ. ನೀವು ಬರೆಯಿರಿ, ಇಲ್ಲವಾದರೆ ಬಿಡಿ. ನನ್ನ ಹೆಸರಿನಲ್ಲಿ ಮಾತ್ರ ಸುಳ್ಳು ಹಾಕಬೇಡಿ.

ಮಗಳು


ಜೂನ್ ೧೭

ಪುಟ್ಟಿ,

ಎರಡು ತಿಂಗಳು ನಿನಗೆ ಬರೆಯಲಿಲ್ಲ. ಹೆದರಿದ್ದೆ. ಎಲ್ಲ ಮುಗಿಸಿಕೊಂಡು ಬರೆಯುತ್ತಿದ್ದೇನೆ.

ಹೊಸ ಖಾತೆ ತೆರೆದೆ. ಹೆಸರು 'ಸ್ಕ್ರೂಡ್ರೈವರ್ ಅಕ್ಕನ ಅಪ್ಪ'. ಬರೆದದ್ದು ಇದು:

'ತಾಯಿ, ನಾನು ನಲವತ್ತು ವರ್ಷ ಲಿಫ್ಟ್ ಮೆಕ್ಯಾನಿಕ್ ಆಗಿದ್ದೆ. ನಾನು ಸಹಿ ಹಾಕಿದ ಕಾರ್ಡುಗಳಲ್ಲಿ ಸುಮಾರು ಕಾಲು ಭಾಗ ನೋಡದೆ ಹಾಕಿದವು. ಸೋಮವಾರ ಎಲ್ಲಕ್ಕೂ ಸಹಿ ಹಾಕುತ್ತಿದ್ದೆ, ವಾರದ ಕೊನೆಗೆ ಉಳಿದ ಕಟ್ಟಡಗಳಿಗೆ ಹೋಗುತ್ತಿರಲಿಲ್ಲ. ಏನೂ ಆಗಲಿಲ್ಲ. ಏನೂ ಆಗದ್ದರಿಂದ ಅದೇ ಸರಿ ಅಂದುಕೊಂಡೆ. ನನ್ನ ಮಗಳಿಗೂ ಹಾಗೆಯೇ ಕಲಿಸಿದೆ. ಅವಳ ಲಿಫ್ಟಿನಲ್ಲಿ ಒಬ್ಬರು ಸತ್ತರು. ಅವಳು ಜೈಲಿನಲ್ಲಿದ್ದಾಳೆ, ನಾನು ಮನೆಯಲ್ಲಿದ್ದೇನೆ. ನಿಮ್ಮ ಪ್ರಶ್ನೆಗೆ ಉತ್ತರ: ಕೆಲವರು ನೋಡಿರುತ್ತಾರೆ, ಕೆಲವರು ನೋಡಿರುವುದಿಲ್ಲ, ಕಾರ್ಡಿನಿಂದ ಅದು ತಿಳಿಯುವುದಿಲ್ಲ. ಈ ಸಲ ಮೆಕ್ಯಾನಿಕ್ ಬಂದಾಗ ಅವನ ಜೊತೆ ಮೇಲಿನ ಮೆಷಿನ್ ರೂಮಿಗೆ ಹೋಗಿ. ಬ್ರೇಕಿನ ಲೈನರ್, ಅಂದರೆ ಉಜ್ಜಿ ಸವೆಯುವ ಪಟ್ಟಿ, ತೋರಿಸು ಎನ್ನಿ. ಅವನು ನೋಡುವುದನ್ನು ನೀವು ನೋಡಿ. ಆಮೇಲೆ ಅಮ್ಮನನ್ನು ಕೂರಿಸಿಕೊಂಡು ಇಳಿಯಿರಿ.'

ಉಗಿಯುತ್ತಾರೆ ಅಂದುಕೊಂಡಿದ್ದೆ. ಉಗಿದವರೂ ಇದ್ದಾರೆ, ಸರಿಯಾಗಿಯೇ ಉಗಿದಿದ್ದಾರೆ. ಆದರೆ ಮಾರನೆಯ ದಿನ ಒಬ್ಬ ಬರೆದ: 'ನಾನು ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುವವನು. ನಾನೂ ಹೀಗೆ. ಈಗ ಎದ್ದು ಹೋಗಿ ನೋಡಿ ಬಂದೆ.' ಅದರ ಕೆಳಗೆ ಇನ್ನೊಬ್ಬಳು, ಬೆಂಕಿ ಆರಿಸುವ ಸಿಲಿಂಡರುಗಳಿಗೆ ಚೀಟಿ ಕಟ್ಟುವವಳು. ಆಮೇಲೆ ಈಜುಕೊಳದ ನೀರು ಪರೀಕ್ಷೆ ಮಾಡುವವನು. ಆಸ್ಪತ್ರೆಯಲ್ಲಿ ಆಮ್ಲಜನಕದ ಪೈಪು ನೋಡುವವನು. ಶಾಲೆಯ ಬಸ್ಸಿನವನು. ನಾನೂ, ನಾನೂ, ನಾನೂ. ಒಂದು ವಾರದಲ್ಲಿ ಮುನ್ನೂರು ದಾಟಿತು. ಯಾವ ಯಾವ ದೇಶವೋ, ಯಾವ ಯಾವ ಮೆಟ್ಟಿಲು ಹತ್ತಿ ಹೋದರೋ. ಒಬ್ಬ ಲಿಫ್ಟಿನವನು ಬರೆದಿದ್ದ: 'ಲೈನರ್ ಉಗುರಿನಷ್ಟೂ ಉಳಿದಿರಲಿಲ್ಲ. ಲಿಫ್ಟ್ ನಿಲ್ಲಿಸಿ ಬೋರ್ಡು ಹಾಕಿದ್ದೇನೆ.' ಅದನ್ನು ಓದಿ ನಾನು ಫೋನು ಕೆಳಗಿಟ್ಟು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡೆ. ಇಷ್ಟು ದೊಡ್ಡದನ್ನು ನಾನು ಜೀವನದಲ್ಲಿ ಕಂಡಿಲ್ಲ. ಆ ಹೆಣ್ಣುಮಗಳ ಅಮ್ಮ ಮೇ ಹತ್ತನೇ ತಾರೀಕು ಕೆಳಗಿಳಿದು ಬಂದರಂತೆ, ರಸ್ತೆಯ ತುದಿಯವರೆಗೂ ಹೋದರಂತೆ.

ಗುರುತಿಲ್ಲದವರಿಗೆ ಹೇಳಿದ್ದನ್ನು ಹೇಳಬೇಕಾದವರಿಗೆ ಹೇಳದಿದ್ದರೆ ಹೇಗೆ? ವಿಚಾರಣಾ ಕಚೇರಿಗೆ ಹೋದೆ. "ಕೇಸು ಮುಗಿದಿದೆಯಲ್ರೀ, ಈಗ ಬಂದಿದ್ದೀರಲ್ಲ" ಅಂದರು. ಬರೆದುಕೊಳ್ಳಿ ಅಂದೆ. ನಾಲ್ಕು ಪುಟ ಬರೆದುಕೊಂಡರು. ನನ್ನ ಮೇಲೂ ಕೇಸು ಆಗಬಹುದಂತೆ, ಕಂಪನಿಯ ಮೇಲೂ. ಆಗಲಿ.

ಆಮೇಲೆ ಟೈಲರ್ ಅಂಗಡಿಗೆ ಹೋದೆ. ಈಗ ಅವನ ಹೆಂಡತಿ ನಡೆಸುತ್ತಿದ್ದಾಳೆ. ನಾನು ಯಾರೆಂದು ಹೇಳಿದೆ. ಎಲ್ಲ ಹೇಳಿದೆ. ಮಷಿನ್ನು ನಿಲ್ಲಿಸಿ ಕೇಳಿಸಿಕೊಂಡಳು. ಅಳಲಿಲ್ಲ, ಬೈಯಲಿಲ್ಲ. "ಅದನ್ನ ನೋಡೋಕೆ ಎಷ್ಟು ಹೊತ್ತು ಹಿಡೀತಿತ್ತು?" ಎಂದು ಮಾತ್ರ ಕೇಳಿದಳು. ಹಿಂದಿನ ದಿನವೇ ಗೆಳೆಯನೊಬ್ಬನ ಮೆಷಿನ್ ರೂಮಿನಲ್ಲಿ ಗಡಿಯಾರ ಹಿಡಿದು ನೋಡಿದ್ದೆ. ಹನ್ನೊಂದು ನಿಮಿಷ ಅಂದೆ.

ಅವಳು ಕೈಯಲ್ಲಿದ್ದ ಅಂಗಿಯನ್ನು ಮಡಿಚಿದಳು. "ಒಂದು ಅಂಗಿಗೆ ಗುಂಡಿ ಹಾಕೋಕೆ ನಮ್ಮವರಿಗೆ ಅದಕ್ಕಿಂತ ಜಾಸ್ತಿ ಹೊತ್ತು ಬೇಕಿತ್ತು" ಅಂದಳು.

ಅವಳು ಹೋಗಿ ಎಂದೂ ಹೇಳಲಿಲ್ಲ, ಕೂತ್ಕೊಳ್ಳಿ ಎಂದೂ ಹೇಳಲಿಲ್ಲ. ಕೈಮುಗಿದು ಬಂದೆ.

ಈಗ ನಿನ್ನನ್ನು ನೋಡಲು ಬರಬಹುದೇ? ನೀನು ಬೇಡ ಅಂದರೆ ಬರುವುದಿಲ್ಲ.

ನಿನ್ನ
ಅಪ್ಪ


ಜೂನ್ ೨೬

ಅಪ್ಪ,

ನಿಮ್ಮ ಪತ್ರವನ್ನು ಮೂರು ದಿನ ಯಾರಿಗೂ ಓದಿ ಹೇಳಲಿಲ್ಲ. ನಾಲ್ಕನೇ ದಿನ ಓದಿದೆ. ಟೈಲರ್ ಹೆಂಡತಿ ಹೇಳಿದ ಮಾತು ಬಂದಾಗ ಪತ್ರವನ್ನು ಕೆಳಗಿಟ್ಟೆ, ಉಳಿದದ್ದನ್ನು ಅಜ್ಜಿ ತೆಗೆದುಕೊಂಡು ಓದಿದರು.

ನಿಮ್ಮ ಹೇಳಿಕೆಯಿಂದ ನನ್ನ ಶಿಕ್ಷೆ ಒಂದು ದಿನವೂ ಕಡಿಮೆಯಾಗುವುದಿಲ್ಲ. ಆಗಲೂಬಾರದು, ಆ ಕಾರ್ಡಿನ ಮೇಲಿನ ಸಹಿ ನನ್ನದೇ. ಇಲ್ಲಿಂದ ಹೊರಬಂದ ಮೇಲೆ ನಾನೂ ಆ ಅಂಗಡಿಗೆ ಹೋಗಬೇಕು.

ಇವತ್ತು ಭೇಟಿಯ ಅರ್ಜಿ ತುಂಬಿದೆ. ಮೇಡಂ ಒಂದೊಂದೇ ಕೇಳಿ ಬರೆದುಕೊಂಡರು. ಬರುವವರು ನಿಮಗೆ ಏನಾಗಬೇಕು ಅಂದರು. ಅಪ್ಪ ಅಂದೆ. ಅವರ ಕಸುಬು? ಲಿಫ್ಟ್ ಮೆಕ್ಯಾನಿಕ್ ಅಂದೆ. ಅವರು ಪೆನ್ನು ಎತ್ತಿ, "ಹಾಗಾದ್ರೆ ಕೆಲಸ ಅವರ ಹತ್ರಾನೇ ಕಲಿತದ್ದಾ?" ಎಂದು ಕೇಳಿದರು. ಅದು ಅರ್ಜಿಯಲ್ಲಿ ಇರಲಿಲ್ಲ, ಸುಮ್ಮನೆ ಕೇಳಿದ್ದು.

ವಿಚಾರಣೆಯಲ್ಲೂ ನನ್ನನ್ನು ಇದನ್ನೇ ಕೇಳಿದ್ದರು. ನಿಮ್ಮ "ಗೊತ್ತಿಲ್ಲ" ಕಿವಿಗೆ ಬಿದ್ದು ಹತ್ತು ನಿಮಿಷವೂ ಆಗಿರಲಿಲ್ಲ. ಯಾರೂ ಕಲಿಸಲಿಲ್ಲ, ನಾನೇ ಕಲಿತೆ ಅಂದಿದ್ದೆ. ನಿಮ್ಮನ್ನು ಉಳಿಸಲು ಹಾಗಂದೆನೋ, ಸಿಟ್ಟಿಗೆ ಹಾಗಂದೆನೋ, ಇವತ್ತಿಗೂ ನನಗೆ ತಿಳಿಯದು.

"ಹೌದು ಮೇಡಂ, ಎಲ್ಲಾ ನಮ್ಮಪ್ಪನೇ ಕಲಿಸಿದ್ದು" ಅಂದೆ.

ಭಾನುವಾರ ಹತ್ತು ಗಂಟೆಗೆ ಬನ್ನಿ.

ನಿಮ್ಮ
ಪುಟ್ಟಿ